ಆರು ಯಂತ್ರ, ಎರಡು ಪ್ರಶ್ನೆ: ಸದನದಲ್ಲಿ ಪ್ರಶ್ನೆ ಕೇಳಿಸುವ ಸೇವೆ ಹೇಗಿದೆ?

ಐದಕ್ಕೆ ಮೂರೂವರೆ ಕೊಡುತ್ತೇನೆ. ಮೊದಲ ಉತ್ತರ ಕೈಗೆ ಬಂದ ದಿನ ಕೇಳಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ. ಎರಡನೇ ಉತ್ತರ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ನಡುವೆ ಒಂಬತ್ತು ತಿಂಗಳು ಕಳೆದವು. ಆ ಒಂಬತ್ತು ತಿಂಗಳಲ್ಲಿ ನಾನು ಕಲಿತದ್ದು ಮೊದಲೇ ಗೊತ್ತಿದ್ದರೆ ಅಷ್ಟು ದಿನ ಸುಮ್ನೆ ಹೋಗುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಸದನದ ಪ್ರಶ್ನೋತ್ತರದ ವಿಷಯ. ನಾವು ಓಟು ಹಾಕಿ ಕಳಿಸಿದ ಶಾಸಕರೋ ಸಂಸದರೋ ಸರ್ಕಾರಕ್ಕೆ ಪ್ರಶ್ನೆ ಹಾಕುತ್ತಾರೆ, ಸಚಿವರು ಉತ್ತರ ಕೊಡಬೇಕು. ನಮ್ಮ ದುಡ್ಡು ಎಲ್ಲಿ ಹೋಯಿತು, ಅದರಿಂದ ಯಾರಿಗೆ ಏನು ಸಿಕ್ಕಿತು ಅಂತ ಕೇಳುವ ದಾರಿ ಇದು. ಟಿವಿಯಲ್ಲಿ ನೋಡಿ ನೋಡಿ ಅದು ದೊಡ್ಡವರ ಜಗಳ ಅಂದುಕೊಂಡಿದ್ದೆ. ನಮ್ಮಂಥವರು ಒಂದು ಹಾಳೆಯಲ್ಲಿ ಬರೆದುಕೊಟ್ಟದ್ದೂ ಅಲ್ಲಿಗೆ ಹೋಗಬಹುದು ಅಂತ ಗೊತ್ತೇ ಇರಲಿಲ್ಲ.

ನಮ್ಮ ಮನೆಯವರಿಗೆ ಎರಡು ಕಿಡ್ನಿಯೂ ಕೆಲಸ ಮಾಡುವುದಿಲ್ಲ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. ಒಂದು ಸಲಕ್ಕೆ ನಾಲ್ಕು ಗಂಟೆ. ಎರಡು ಬಸ್ಸು ಬದಲಿಸಿ ದೂರದ ಆಸ್ಪತ್ರೆಗೆ ಹೋಗುತ್ತಿದ್ದೆವು. ಹೋಗುವುದು ಹೇಗೋ ಆಗುತ್ತದೆ, ವಾಪಸ್ ಬರುವುದೇ ಕಷ್ಟ. ಡಯಾಲಿಸಿಸ್ ಮುಗಿದ ಮೇಲೆ ಅವರಿಗೆ ಬಿಪಿ ಇಳಿಯುತ್ತದೆ, ಮೀನಖಂಡ ಸೆಳೆಯುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಬಕ್ಕೆ ಒರಗಿಸಿ ಕೂರಿಸಿ, ಸೀಟು ಹಿಡಿಯಲು ನಾನು ಓಡುತ್ತಿದ್ದೆ.

ಆದರೆ ಮನೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಯಂತ್ರಗಳು ಇದ್ದವು. ಅಲ್ಲಿ ಸರದಿ ಖಾಲಿ ಇಲ್ಲ ಅಂತ ನಮ್ಮನ್ನು ಬೇರೆ ಕಡೆ ಕಳಿಸಿದ್ದರು. ಒಂದು ದಿನ ಮಾತ್ರೆ ತರಲು ಹೋದಾಗ ಆ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಸಾಲಾಗಿ ಆರು ಯಂತ್ರ. ಎರಡು ಓಡುತ್ತಿದ್ದವು. ಉಳಿದ ನಾಲ್ಕರ ಮೇಲೆ ಕಂಪನಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಅದರ ಮೇಲೆ ಧೂಳು. ಯಾರೋ ಮಗು ಇರಬೇಕು, ಆ ಧೂಳಿನಲ್ಲಿ ಬೆರಳಿಂದ ಒಂದು ಸೂರ್ಯನನ್ನು ಬರೆದಿತ್ತು. ಪಕ್ಕದ ಮಂಚಗಳ ಮೇಲೆ ಹಾಸಿಗೆ ಇಲ್ಲ, ರಟ್ಟಿನ ಪೆಟ್ಟಿಗೆ ಪೇರಿಸಿಟ್ಟಿದ್ದರು. ನರ್ಸನ್ನು ಕೇಳಿದೆ. "ನೀರು ಸಾಲೋದಿಲ್ಲ ಅಮ್ಮ, ಜನಾನೂ ಇಲ್ಲ" ಅಂದರು.

ನೀರು ಅಂದರೆ ನಲ್ಲಿ ನೀರಲ್ಲ. ಯಂತ್ರದೊಳಗೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ಹರಿಯುತ್ತದೆ. ನಾಲ್ಕು ಗಂಟೆಗೆ ಲೆಕ್ಕ ಹಾಕಿ, ಒಬ್ಬರಿಗೆ ಒಂದು ಸಲಕ್ಕೆ 120 ಲೀಟರ್ ಆಯಿತು. ಅದೂ ಆರ್‌ಒ ಘಟಕದಲ್ಲಿ ಚೆನ್ನಾಗಿ ಸೋಸಿದ ನೀರೇ ಆಗಬೇಕು. ಅಲ್ಲಿದ್ದ ಘಟಕ ಎರಡು ಯಂತ್ರದ ಕಾಲದ್ದು. ಯಂತ್ರ ಆರಾದವು, ನೀರು ಎರಡರಷ್ಟೇ ಉಳಿಯಿತು.

ನಾನು ಒಂದು ಸಹಕಾರ ಸಂಘದಲ್ಲಿ 26 ವರ್ಷ ಲೆಕ್ಕ ಬರೆದವಳು. ದಾಸ್ತಾನು ಪುಸ್ತಕದಲ್ಲಿ ಆರು ಇದೆ, ಕೆಲಸದಲ್ಲಿ ಎರಡು ಇದೆ ಅಂದರೆ ನನಗೆ ನಿದ್ದೆ ಬರುವುದಿಲ್ಲ. ಆಸ್ಪತ್ರೆಗೆ ಅರ್ಜಿ ಕೊಟ್ಟೆ. "ಮೇಲಿಂದ ಬರಬೇಕು" ಅಂದರು. ಮೇಲಿನ ಕಚೇರಿಗೆ ಬರೆದೆ. ಉತ್ತರವೇ ಬರಲಿಲ್ಲ. ಆಗ ನಮ್ಮವರೇ ಹೇಳಿದರು, "ಶಾಸಕರ ಹತ್ತಿರ ಹೋಗು. ಅವರು ಕೇಳಿದರೆ ಉತ್ತರ ಕೊಡದೆ ವಿಧಿ ಇಲ್ಲ."

ಶಾಸಕರ ಕಚೇರಿಯಲ್ಲಿ ಮೊದಲು ಸಿಗುವುದು ಪಿಎ. ನಮ್ಮಲ್ಲಿ ಆತ ಇನ್ನೂ ಹುಡುಗ. ನಾನು ಕೊಟ್ಟ ಎರಡು ಪುಟ ಪೂರ್ತಿ ಓದಿದ. ಅದಕ್ಕೇ ಅರ್ಧ ಅಂಕ ಕೊಡುತ್ತೇನೆ. ಯಾವ ಕಚೇರಿಯಲ್ಲಿ ಯಾರು ಪೂರ್ತಿ ಓದುತ್ತಾರೆ ಹೇಳಿ. ಓದಿ, "ಅಮ್ಮ, ಇದು ಪತ್ರ ಆಯಿತು, ಪ್ರಶ್ನೆ ಆಗಲಿಲ್ಲ" ಅಂದ. "ಹಾಗಂದರೆ ಏನಪ್ಪಾ?" ಅಂತ ಕೇಳಿದೆ. ಕೂರಿಸಿಕೊಂಡು ವಿವರಿಸಿದ.

ಪ್ರಶ್ನೆಗೂ ನಿಯಮ ಇದೆ. ಲೋಕಸಭೆಯ ನಿಯಮ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿದ್ದಾರೆ, ರಾಜ್ಯಗಳ ಸದನಗಳಲ್ಲೂ ದಾರಿ ಹೆಚ್ಚುಕಡಿಮೆ ಅದೇ. ಪ್ರಶ್ನೆ 150 ಪದ ಮೀರಬಾರದು. ವಾದ ಇರಬಾರದು, ಊಹೆ ಇರಬಾರದು, ಚುಚ್ಚುಮಾತು ಇರಬಾರದು, ಯಾರ ಮೇಲೂ ಆರೋಪ ಹೊರಿಸಬಾರದು. ಸಚಿವರ ಅಭಿಪ್ರಾಯ ಕೇಳಬಾರದು. ಕೋರ್ಟಿನಲ್ಲಿರುವ ವಿಷಯ ಎತ್ತಬಾರದು. ಈಗಾಗಲೇ ಉತ್ತರ ಬಂದಿರುವುದನ್ನು ಮತ್ತೆ ಕೇಳಬಾರದು. ನನ್ನ ಎರಡು ಪುಟದಲ್ಲಿ ಈ ಎಲ್ಲ ತಪ್ಪೂ ಇತ್ತು. "ನಾಚಿಕೆ ಆಗುವುದಿಲ್ಲವೇ" ಅಂತಲೂ ಬರೆದಿದ್ದೆ. ಅದಕ್ಕೆ ಗೀಟು ಎಳೆದ. ಆಗ ನನಗೆ ಬೇಜಾರಾಯಿತು. ಈಗ ಆ ನಿಯಮ ಸರಿ ಅನಿಸುತ್ತದೆ. ಕೋಪ ತೆಗೆದುಹಾಕಿದ ಮೇಲೆ ಉಳಿಯುವುದೇ ಉತ್ತರ ಕೊಡಲೇಬೇಕಾದ ಭಾಗ.

ಪ್ರಶ್ನೆಯಲ್ಲಿ ಎರಡು ಥರ. ಚುಕ್ಕೆ ಗುರುತಿನದು, ಚುಕ್ಕೆ ಗುರುತಿಲ್ಲದ್ದು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ, ಅಷ್ಟೇ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಚುಕ್ಕೆ ಇಲ್ಲದವು 230. ರಾಜ್ಯಸಭೆಯಲ್ಲಿ 15 ಮತ್ತು 160. ಲೋಕಸಭೆಯಲ್ಲಿ ಚುಕ್ಕೆಯವನ್ನು ಹಸಿರು ಹಾಳೆಯಲ್ಲಿ, ಇಲ್ಲದವನ್ನು ಬಿಳಿ ಹಾಳೆಯಲ್ಲಿ ಅಚ್ಚು ಹಾಕುತ್ತಾರೆ. ಯಾರ ಪ್ರಶ್ನೆ ಮೊದಲು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ. ಪ್ರಶ್ನೆಯನ್ನು ಹದಿನೈದು ದಿನ ಮುಂಚೆಯೇ ಕೊಟ್ಟಿರಬೇಕು. ಇಲಾಖೆ ಕೆಳಗಿನ ಕಚೇರಿಗಳಿಂದ ಮಾಹಿತಿ ತರಿಸಿಕೊಳ್ಳಬೇಕಲ್ಲ, ಅದಕ್ಕೆ ಆ ಸಮಯ.

"ಯಾವುದು ಒಳ್ಳೇದಪ್ಪಾ?" ಅಂದೆ. "ಟಿವಿಯಲ್ಲಿ ಬರಬೇಕಾದರೆ ಚುಕ್ಕೆ. ಲೆಕ್ಕ ಬೇಕಾದರೆ ಚುಕ್ಕೆ ಇಲ್ಲದ್ದು" ಅಂದ. ಲೆಕ್ಕ ಬೇಕು ಅಂದೆ.

ಅದು ಸರಿಯಾದ ಆಯ್ಕೆಯೇ ಆಗಿತ್ತು. ಪ್ರಶ್ನೋತ್ತರಕ್ಕೆ ಸದನದಲ್ಲಿ ಇರುವುದು ಒಂದು ಗಂಟೆ, ಅದರಲ್ಲಿ 20 ಪ್ರಶ್ನೆಗೂ ಬಾಯ್ಮಾತಿನ ಉತ್ತರ ಸಿಗುವುದು ಅಪರೂಪ. ಗಲಾಟೆ ಆದರೆ ಒಂದಕ್ಕೂ ಇಲ್ಲ. ಬರವಣಿಗೆಯ ಉತ್ತರವನ್ನು ಗಲಾಟೆ ತಡೆಯುವುದಿಲ್ಲ. 2020ರ ಮಳೆಗಾಲದ ಅಧಿವೇಶನದಲ್ಲಿ ಕೋವಿಡ್ ಕಾರಣ ಹೇಳಿ ಸಂಸತ್ತಿನಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟರು. ಆಗಲೂ ಚುಕ್ಕೆ ಇಲ್ಲದ ಪ್ರಶ್ನೆಗಳಿಗೆ ಉತ್ತರ ಬರುತ್ತಿತ್ತು. ಎದ್ದು ನಿಂತು ಕೇಳುವ ಹಕ್ಕನ್ನು ಹಾಗೆ ಬಿಟ್ಟುಕೊಟ್ಟದ್ದು ಸರಿ ಅಂತ ಮಾತ್ರ ನಾನು ಎಂದೂ ಒಪ್ಪುವುದಿಲ್ಲ. ಉಪಪ್ರಶ್ನೆ ಇಲ್ಲದ ಉತ್ತರ ಎಷ್ಟು ಸಲೀಸು ಅಂತ ನನಗೆ ಮುಂದೆ ಗೊತ್ತಾಯಿತು.

ಮೊದಲ ಉತ್ತರ ಬಂತು. ಪಿಎ ಫೋನಿನಲ್ಲಿ ಕಳಿಸಿದ. ಹಾಳೆಯ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಒಂದೊಂದರ ಮುಂದೆ ಅ, ಆ, ಇ, ಈ.

(ಅ) ಸದರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಸೌಲಭ್ಯ ಇದೆಯೇ? "ಇದೆ."

(ಆ) ಇದ್ದಲ್ಲಿ, ಯಂತ್ರಗಳ ಸಂಖ್ಯೆ ಎಷ್ಟು? "6."

(ಇ) ಅವುಗಳ ಸ್ಥಿತಿ ಹೇಗಿದೆ? "ಎಲ್ಲಾ 6 ಯಂತ್ರಗಳು ಸುಸ್ಥಿತಿಯಲ್ಲಿರುತ್ತವೆ."

(ಈ) ಸುಸ್ಥಿತಿಯಲ್ಲಿ ಇಲ್ಲದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು? "ಉದ್ಭವಿಸುವುದಿಲ್ಲ."

ಕೊನೆಯ ಪದ ಓದಿ ನನಗೆ ಮೈ ಉರಿಯಿತು. ಆವತ್ತು ಶುಕ್ರವಾರ. ದೂರದ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಓದಿದ್ದು. ಒಳಗೆ ನಮ್ಮವರು ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದಾರೆ, ಹೊರಗೆ ನನ್ನ ಫೋನಿನಲ್ಲಿ ಸಮಸ್ಯೆಯೇ "ಉದ್ಭವಿಸುವುದಿಲ್ಲ". ತಕ್ಷಣ ಪಿಎಗೆ ಫೋನ್ ಮಾಡಿ, "ಇದು ಸುಳ್ಳಲ್ವಾ?" ಅಂದೆ. ಸಚಿವರು ಗೊತ್ತಿದ್ದೂ ಸದನಕ್ಕೆ ಸುಳ್ಳು ಹೇಳಿದರೆ ಅದು ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ಆಗುತ್ತದೆ ಅಂತ ಎಲ್ಲೋ ಓದಿದ್ದೆ. ಅದನ್ನೂ ಹೇಳಿದೆ.

ರಾತ್ರಿ ಮತ್ತೆ ಓದಿದೆ. ಲೆಕ್ಕದ ಪುಸ್ತಕ ಓದುವ ಹಾಗೆ, ಒಂದೊಂದೇ ಪದ. ಸುಳ್ಳು ಎಲ್ಲೂ ಇರಲಿಲ್ಲ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಯಂತ್ರ ಸುಸ್ಥಿತಿಯಲ್ಲೇ ಇರುತ್ತದೆ. ಹೊಸದರಷ್ಟೇ ಚೆನ್ನಾಗಿರುತ್ತದೆ. ಎಷ್ಟು ಇವೆ ಅಂತ ಕೇಳಿದ್ದೆವು, ಆರು ಅಂದರು. ಹೇಗಿವೆ ಅಂತ ಕೇಳಿದ್ದೆವು, ಚೆನ್ನಾಗಿವೆ ಅಂದರು. ಎಷ್ಟು ಜನಕ್ಕೆ ಉಪಯೋಗ ಆದವು ಅಂತ ನಾವು ಕೇಳಿಯೇ ಇರಲಿಲ್ಲ. "ಇಲ್ಲದಿದ್ದಲ್ಲಿ" ಅಂತ ಕೇಳಿ ತಪ್ಪಿಸಿಕೊಳ್ಳುವ ಬಾಗಿಲನ್ನೂ ನಾವೇ ತೆರೆದುಕೊಟ್ಟಿದ್ದೆವು.

ಈ ಸೇವೆ ಬಳಸುವವರಿಗೆ ನಾನು ಹೇಳುವುದು ಇದೊಂದೇ. ಇದೆಯೇ ಅಂತ ಕೇಳಿಸಬೇಡಿ. ಎಷ್ಟು ನಡೆಯಿತು ಅಂತ ಕೇಳಿಸಿ. ಶಾಲೆಯಲ್ಲಿ ಶೌಚಾಲಯ ಇದೆಯೇ ಅಂದರೆ ಇದೆ ಅಂತಲೇ ಬರುತ್ತದೆ. ನೀರಿನ ಸಂಪರ್ಕ ಯಾವ ತಾರೀಕು ಕೊಟ್ಟಿರಿ, ಶುಚಿ ಮಾಡುವವರಿಗೆ ಕಳೆದ ಹನ್ನೆರಡು ತಿಂಗಳಲ್ಲಿ ತಿಂಗಳಿಗೆ ಎಷ್ಟು ಸಂಬಳ ಕೊಟ್ಟಿರಿ ಅಂತ ಕೇಳಿದರೆ ಆಗ ನಿಜ ಹೊರಗೆ ಬರುತ್ತದೆ. ಬಸ್ಸು ಎಷ್ಟಿವೆ ಅಂತ ಕೇಳಬಾರದು, ದಿನಕ್ಕೆ ಎಷ್ಟು ಸಲ ಓಡಿದವು ಅಂತ ಕೇಳಬೇಕು. ಅನುದಾನ ಎಷ್ಟು ಬಿಡುಗಡೆ ಆಯಿತು ಅಂದರೆ ದೊಡ್ಡ ಸಂಖ್ಯೆ ಬರುತ್ತದೆ. ಬಿಡುಗಡೆ ಆದದ್ದರಲ್ಲಿ ಖರ್ಚಾದದ್ದು ಎಷ್ಟು, ಖರ್ಚಾಗದೆ ವಾಪಸ್ ಹೋದದ್ದು ಎಷ್ಟು ಅಂತ ಕೇಳಬೇಕು. ಖರ್ಚು ಬೇರೆ, ಕೆಲಸ ಬೇರೆ. ಯಂತ್ರ ಕೊಂಡಾಗಲೇ ಖರ್ಚಿನ ಪುಸ್ತಕ ಮುಚ್ಚಿಹೋಗಿತ್ತು. ನಮ್ಮವರಿಗೆ ಬೇಕಿದ್ದದ್ದು ಆ ಪುಸ್ತಕದಲ್ಲಿ ಇರಲೇ ಇಲ್ಲ.

ಎರಡನೇ ಪ್ರಶ್ನೆಯನ್ನು ನಾನೇ ಬರೆದೆ. ಮೂರು ದಿನ ಹಿಡಿಯಿತು. ಕಳೆದ ಹನ್ನೆರಡು ತಿಂಗಳಲ್ಲಿ ತಿಂಗಳುವಾರು, ಯಂತ್ರವಾರು ಎಷ್ಟು ಡಯಾಲಿಸಿಸ್ ಮಾಡಲಾಗಿದೆ? ಪ್ರತಿ ಯಂತ್ರವನ್ನು ಮೊದಲ ಸಲ ಬಳಸಿದ ದಿನಾಂಕ ಯಾವುದು? ಆರ್‌ಒ ಘಟಕದ ಸಾಮರ್ಥ್ಯ ದಿನಕ್ಕೆ ಎಷ್ಟು ಲೀಟರ್? ಮಂಜೂರಾದ ತಂತ್ರಜ್ಞರ ಹುದ್ದೆ ಎಷ್ಟು, ಭರ್ತಿ ಆಗಿರುವುದು ಎಷ್ಟು? ಯಂತ್ರ, ನೀರಿನ ಘಟಕ, ಸಿಬ್ಬಂದಿ, ಇವುಗಳ ಖರ್ಚು ಯಾವ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಬರುತ್ತದೆ? ಲೆಕ್ಕ ಶೀರ್ಷಿಕೆ ಅಂದರೆ ಸರ್ಕಾರದ ಪುಸ್ತಕದಲ್ಲಿ ಆ ಖರ್ಚು ಬರೆಯುವ ಖಾತೆ. ಎಲ್ಲೂ "ಇದೆಯೇ" ಇಲ್ಲ. ಎಲ್ಲೂ "ಇಲ್ಲದಿದ್ದಲ್ಲಿ" ಇಲ್ಲ.

ಪಿಎ ಓದಿ, "ಇದಕ್ಕೆ ಹೌದು, ಇಲ್ಲ ಅಂತ ಬರೆಯೋಕೆ ಆಗಲ್ಲ ಅಮ್ಮ" ಅಂದ. ಶಾಸಕರೂ ಆವತ್ತು ಕಚೇರಿಯಲ್ಲಿದ್ದರು. ಹಾಳೆ ತೆಗೆದುಕೊಂಡು ನಿಧಾನವಾಗಿ ಓದಿ, "ಲೆಕ್ಕ ಶೀರ್ಷಿಕೆ ಕೇಳಿದ್ದು ಯಾರು?" ಅಂದರು. ನಾನೇ ಅಂದೆ. ಸಹಿ ಹಾಕಿದರು. ಅವರು ಆಡಳಿತ ಪಕ್ಷದವರು. ತಮ್ಮದೇ ಸರ್ಕಾರವನ್ನು ಇಷ್ಟು ಬಿಡಿಸಿ ಕೇಳಲು ಹಿಂಜರಿಯುತ್ತಾರೇನೋ ಅಂದುಕೊಂಡಿದ್ದೆ. ಹಿಂಜರಿಯಲಿಲ್ಲ.

ಆಮೇಲೆ ಹಳೆಯ ಉದಾಹರಣೆಗಳನ್ನು ಹುಡುಕಿ ಓದಿದೆ. ಸ್ವಂತ ಪಕ್ಷದ ಸರ್ಕಾರಕ್ಕೇ ಪ್ರಶ್ನೆ ಹಾಕಿದವರಲ್ಲಿ ದೊಡ್ಡ ಹೆಸರು ಫಿರೋಜ್ ಗಾಂಧಿಯವರದು. ರಾಯ್‌ಬರೇಲಿಯ ಕಾಂಗ್ರೆಸ್ ಸಂಸದ, ಪ್ರಧಾನಿ ನೆಹರೂ ಅವರ ಅಳಿಯ. ಭಾರತೀಯ ಜೀವ ವಿಮಾ ನಿಗಮ ಶುರುವಾದದ್ದು 1956ರಲ್ಲಿ. ಮರುವರ್ಷವೇ ಅದು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರಿಗೆ ಸುಮಾರು 1.24 ಕೋಟಿ ರೂಪಾಯಿ ಹಾಕಿತ್ತು. ಪಾಲಿಸಿ ಕಟ್ಟಿದ ಜನರ ದುಡ್ಡು ಅದು. ಈ ವಿಷಯ ಮೊದಲು ಸದನಕ್ಕೆ ಪ್ರಶ್ನೆಯಾಗಿಯೇ ಬಂತು. ಸಿಕ್ಕ ಉತ್ತರ ಸಾಲಲಿಲ್ಲ. ಅಲ್ಲಿಗೆ ಬಿಡಲಿಲ್ಲ. 1957ರ ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ವಿವರಗಳನ್ನು ಒಂದೊಂದಾಗಿ ಇಟ್ಟರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಜನರ ಎದುರಿನಲ್ಲೇ ವಿಚಾರಣೆ ನಡೆಸಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ನನಗೆ ಅದರಲ್ಲಿ ಮುಖ್ಯ ಅನಿಸಿದ್ದು ರಾಜೀನಾಮೆ ಅಲ್ಲ. ಮೊದಲ ಉತ್ತರಕ್ಕೆ ತೃಪ್ತಿಪಟ್ಟುಕೊಳ್ಳದೆ ಮತ್ತೆ ಕೇಳಿದ್ದು.

ಇನ್ನೊಂದು ವಿಷಯ ಓದಿ ನನಗೆ ಬಹಳ ಖುಷಿಯಾಯಿತು. ಬ್ರಿಟನ್ ಸಂಸತ್ತಿನಲ್ಲಿ ದಾಖಲಾಗಿರುವ ಮೊಟ್ಟಮೊದಲ ಪ್ರಶ್ನೆ 1721ರದು. ಸೌತ್ ಸೀ ಕಂಪನಿಯ ಷೇರಿನ ಬೆಲೆ ಕುಸಿದು ಸಾವಿರಾರು ಜನ ದುಡ್ಡು ಕಳೆದುಕೊಂಡಿದ್ದರು. ಅದರ ಖಜಾಂಚಿ ರಾಬರ್ಟ್ ನೈಟ್ ದೇಶ ಬಿಟ್ಟು ಓಡಿಹೋಗಿದ್ದ. ಅವನು ಸಿಕ್ಕಿಬಿದ್ದಿದ್ದಾನೆ ಅನ್ನುವ ಸುದ್ದಿ ನಿಜವೇ ಅಂತ ಅರ್ಲ್ ಕೌಪರ್ ಲಾರ್ಡ್ಸ್ ಸಭೆಯಲ್ಲಿ ಸರ್ಕಾರವನ್ನು ಕೇಳಿದರು. ಮುನ್ನೂರು ವರ್ಷದ ಈ ಪದ್ಧತಿ ಶುರುವಾದದ್ದೇ ಖಜಾಂಚಿ ಎಲ್ಲಿ ಅನ್ನುವ ಪ್ರಶ್ನೆಯಿಂದ. ಲೆಕ್ಕ ಬರೆದು ಬದುಕಿದ ನನಗೆ ಇದು ನಮ್ಮವರದೇ ಕೆಲಸ ಅನಿಸಿತು. ನಮ್ಮ ದೇಶದಲ್ಲಿ ಪ್ರಶ್ನೆ ಕೇಳುವ ಹಕ್ಕು ಸಿಕ್ಕಿದ್ದು ಬ್ರಿಟಿಷರ 1892ರ ಕಾಯ್ದೆಯಿಂದ. ಉಪಪ್ರಶ್ನೆ ಕೇಳಲು 1909ರ ತನಕ ಕಾಯಬೇಕಾಯಿತು. ಒಂದರ ಮೇಲೆ ಇನ್ನೊಂದು ಪ್ರಶ್ನೆ ಕೇಳುವ ಹಕ್ಕನ್ನು ಅವರು ಹದಿನೇಳು ವರ್ಷ ತಡವಾಗಿ ಕೊಟ್ಟರು ಅಂದರೆ ಅದರ ಬಲ ಎಷ್ಟು ಅಂತ ತಿಳಿಯುತ್ತದೆ, ಅಲ್ವಾ?

ಎರಡನೇ ಉತ್ತರ ಬಂದದ್ದು ಮುಂದಿನ ಅಧಿವೇಶನದಲ್ಲಿ. ಆ ವಾರ ಸದನ ಬೇರೆ ಯಾವುದೋ ವಿಷಯಕ್ಕೆ ಎರಡು ದಿನ ನಿಂತೇಹೋಗಿತ್ತು. ನಮ್ಮ ಉತ್ತರ ಮಾತ್ರ ಬಂತು. ಉತ್ತರದ ಜಾಗದಲ್ಲಿ ಎರಡೇ ಸಾಲು: "ವಿವರಗಳನ್ನು ಅನುಬಂಧ 1 ಮತ್ತು 2ರಲ್ಲಿ ಒದಗಿಸಲಾಗಿದೆ."

ಅನುಬಂಧ ಸ್ಕ್ಯಾನ್ ಮಾಡಿದ ಹಾಳೆ. ಓರೆಯಾಗಿತ್ತು, ಒಂದು ಕಡೆ ಅಂಕಿಗಳು ಮಸುಕಾಗಿದ್ದವು. ಹೊರಗೆ ಪ್ರಿಂಟ್ ಹಾಕಿಸಿ, ಸ್ಕೇಲ್ ಇಟ್ಟುಕೊಂಡು ಸಾಲು ಸಾಲಾಗಿ ಓದಿದೆ. ಏಪ್ರಿಲ್ 98. ಮೇ 101. ಜೂನ್ 61. ಜುಲೈ 94. ನನ್ನ ಲೆಕ್ಕ ಹೀಗಿತ್ತು. ಒಂದು ಯಂತ್ರದಲ್ಲಿ ದಿನಕ್ಕೆ ಇಬ್ಬರಿಗೆ ಅಂದುಕೊಂಡರೂ, ತಿಂಗಳಿಗೆ 26 ದಿನಕ್ಕೆ 52 ಆಗಬೇಕು. ಎರಡು ಯಂತ್ರಕ್ಕೆ 104. ಆರಕ್ಕೆ 312. ಕಾಗದದಲ್ಲಿ ಆರು ಯಂತ್ರ, ಕೆಲಸದಲ್ಲಿ ಎರಡು. ನಾನು ಬಾಗಿಲ ಸಂದಿಯಿಂದ ನೋಡಿದ್ದನ್ನೇ ಸರ್ಕಾರ ಮೊಹರು ಹಾಕಿ ಬರೆದುಕೊಟ್ಟಿತ್ತು. 3, 4, 5, 6ನೇ ಯಂತ್ರದ ಮುಂದೆ "ಮೊದಲ ಬಳಕೆಯ ದಿನಾಂಕ" ಅನ್ನುವ ಕಲಮಿನಲ್ಲಿ ಒಂದು ಚಿಕ್ಕ ಗೆರೆ. ಆ ಗೆರೆಯ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ.

ಜೂನ್‌ನಲ್ಲಿ 61 ಯಾಕೆ ಅಂತ ಮೊದಲು ತಿಳಿಯಲಿಲ್ಲ. ಎರಡನೇ ಅನುಬಂಧದಲ್ಲಿ ಉತ್ತರ ಇತ್ತು. ತಂತ್ರಜ್ಞರ ಹುದ್ದೆ ಮಂಜೂರಾಗಿದ್ದು ಮೂರು, ಇದ್ದದ್ದು ಒಬ್ಬರು. ಆ ಒಬ್ಬರು ಜೂನ್‌ನಲ್ಲಿ ರಜೆ ಹಾಕಿರಬೇಕು. ಒಬ್ಬ ಮನುಷ್ಯ ಜ್ವರ ಬಂದು ಮಲಗಿದರೆ ನಲವತ್ತು ಡಯಾಲಿಸಿಸ್ ನಿಂತುಹೋಗುತ್ತದೆ. ಅವರ ಮೇಲೆ ನನಗೆ ಕೋಪ ಇಲ್ಲ. ಅವರೊಬ್ಬರೇ ಅಷ್ಟು ಜನರನ್ನು ನೋಡಿಕೊಳ್ಳುತ್ತಿದ್ದರು.

ಲೆಕ್ಕ ಶೀರ್ಷಿಕೆಯ ಉತ್ತರದಲ್ಲೇ ಮೂಲ ಕಾರಣ ಸಿಕ್ಕಿತು. ಯಂತ್ರ ಬಂದದ್ದು ಒಂದು ಶೀರ್ಷಿಕೆಯಿಂದ. ನೀರಿನ ಘಟಕ ಕಟ್ಟಡ ಕಾಮಗಾರಿಯ ಜೊತೆ ಇನ್ನೊಂದರಲ್ಲಿ. ಸಿಬ್ಬಂದಿ ಹೊರಗುತ್ತಿಗೆ, ಅದು ಮೂರನೆಯದು. ಮೂರೂ ಮೂರು ಬೇರೆ ಕಚೇರಿಯ ಕೈಯಲ್ಲಿ. ಮೊದಲನೆಯವರು ತಮ್ಮ ಕೆಲಸ ಮುಗಿಸಿ ದುಡ್ಡು ಬಳಕೆಯಾಯಿತು ಅನ್ನುವ ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಂಡಿದ್ದರು. ಮೂರನ್ನೂ ಒಟ್ಟಿಗೆ ನೋಡುವವರು ಯಾರೂ ಇರಲಿಲ್ಲ. ಮೂರನ್ನೂ ಒಂದೇ ಹಾಳೆಯಲ್ಲಿ ತಂದು ಇಟ್ಟದ್ದು ಈ ಪ್ರಶ್ನೆ. ಈ ಸೇವೆಗೆ ನಾನು ಕೊಡುವ ಅಂಕದಲ್ಲಿ ದೊಡ್ಡ ಪಾಲು ಇದಕ್ಕೇ.

ಮಾಹಿತಿ ಹಕ್ಕಿನಲ್ಲಿ ಹಾಕಿದ್ದರೆ ಸಾಲುತ್ತಿರಲಿಲ್ಲವೇ ಅಂತ ಕೆಲವರು ಕೇಳಿದರು. ಅದೂ ಒಳ್ಳೆಯ ದಾರಿ. 30 ದಿನದ ಗಡುವು ಇದೆ, ಅಧಿವೇಶನಕ್ಕೆ ಕಾಯಬೇಕಿಲ್ಲ. ಆದರೆ ಅಲ್ಲಿ ಯಾವ ಕಚೇರಿಗೆ ಅರ್ಜಿ ಹಾಕುತ್ತೇವೋ ಅದರಲ್ಲಿ ಇರುವ ಕಾಗದ ಸಿಗುತ್ತದೆ. ಇಲ್ಲಿ ಸಚಿವರ ಹೆಸರಿನಲ್ಲಿ ಉತ್ತರ ಬರುತ್ತದೆ, ಸದನದ ದಾಖಲೆಯಲ್ಲಿ ಉಳಿಯುತ್ತದೆ. ನಾಳೆ ಬೇರೆ ಸಚಿವರು ಬಂದರೂ ಆ 61 ಅಳಿಯುವುದಿಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ, ಅದನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಇವು ಇನ್ನೂ ಆಳಕ್ಕೆ ಹೋಗುತ್ತವೆ. ಸಂಸತ್ತಿನ ಆ ಸಮಿತಿಗೆ 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ಸಂಪ್ರದಾಯ ಇದೆ. ಆದರೆ ಖರ್ಚಾಗಿ ಎಷ್ಟೋ ಕಾಲ ಆದ ಮೇಲೆ ಅದು ಬರುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಅಷ್ಟು ಸಮಯ ಇರುವುದಿಲ್ಲ.

ಇನ್ನು ಕೊರತೆಗಳು. ಒಂದೂವರೆ ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣ ಹೇಳಬೇಕಲ್ಲ.

ಮೊದಲನೆಯದು ಸಮಯ. ಅಧಿವೇಶನ ಕರೆದರೆ ಮಾತ್ರ ಈ ಸೇವೆ ಇರುತ್ತದೆ. ನಡುವಿನ ತಿಂಗಳುಗಳಲ್ಲಿ ಪ್ರಶ್ನೆ ಕೈಯಲ್ಲಿ ಹಿಡಿದುಕೊಂಡು ಕೂರಬೇಕು. ನನ್ನ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದ ಒಬ್ಬ ಹೆಂಗಸು ಎರಡು ಉತ್ತರಗಳ ನಡುವೆ ಬರುವುದನ್ನು ನಿಲ್ಲಿಸಿದಳು. ಅವಳ ಗಂಡ ತೀರಿಕೊಂಡಿದ್ದರು. ಅವಳಿಗೆ ಈ 61, 94 ತೋರಿಸಬೇಕು ಅಂತ ಇತ್ತು. ತೋರಿಸಿ ಏನು ಪ್ರಯೋಜನ ಅಂತ ಸುಮ್ಮನಾದೆ.

ಸ್ಕ್ಯಾನ್ ಮಾಡಿದ ಅನುಬಂಧ ಎರಡನೆಯದು. ಅಂಕಿಗಳನ್ನು ಹುಡುಕಲು, ಕೂಡಲು ಬರುವ ಹಾಗೆ ಕೊಡಬೇಕು. ಕಂಪ್ಯೂಟರಿನಲ್ಲೇ ಟೈಪ್ ಮಾಡಿದ್ದನ್ನು ಪ್ರಿಂಟ್ ಹಾಕಿ, ಮತ್ತೆ ಫೋಟೋ ತೆಗೆದ ಹಾಗೆ ಮಾಡಿ ಹಾಕುವುದು ಯಾಕೆ?

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪ್ರಶ್ನೆ ಕೇಳುವ ಹಕ್ಕು ನಮ್ಮ ಪ್ರತಿನಿಧಿಯ ಕೈಯಲ್ಲಿದೆ. ಅವರಿಗೆ ಮನಸ್ಸಿಲ್ಲದಿದ್ದರೆ ನಮಗೆ ಬಾಗಿಲಿಲ್ಲ. ಆ ಹಕ್ಕನ್ನು ಮಾರಿಕೊಂಡವರೂ ಇದ್ದಾರೆ. ಪ್ರಶ್ನೆ ಕೇಳಲು ದುಡ್ಡು ಪಡೆದದ್ದಕ್ಕೆ 2005ರ ಡಿಸೆಂಬರ್‌ನಲ್ಲಿ ಸಂಸತ್ತು 11 ಸದಸ್ಯರನ್ನು ಹೊರಹಾಕಿತು, ಲೋಕಸಭೆಯ 10 ಜನ, ರಾಜ್ಯಸಭೆಯ ಒಬ್ಬರು. ಅದನ್ನು ಓದಿದಾಗ ನನಗೆ ಆ ಬೆಂಚು ನೆನಪಾಗಿ ಹೊಟ್ಟೆ ಉರಿಯಿತು. ಲೋಕಸಭೆಯಲ್ಲಿ ದಿನಕ್ಕೆ 250 ಪ್ರಶ್ನೆ ಅಂದರೆ ಜಾಸ್ತಿ ಅನಿಸಬಹುದು. ಇಡೀ ದೇಶಕ್ಕೆ ಅಷ್ಟೇ. ಅದರಲ್ಲಿ ಒಂದನ್ನು ಯಾರೋ ಕೊಂಡರೆ, ಯಾರದೋ ನೀರಿನ, ಔಷಧಿಯ ಪ್ರಶ್ನೆ ಹೊರಗೆ ಉಳಿಯಿತು ಅಂತ ಅರ್ಥ.

ನಮ್ಮ ಶಾಸಕರಿಗೂ ಒಂದು ಮಾತು ಇದೆ. ಪ್ರಶ್ನೆ ಚೆನ್ನಾಗಿ ಕೇಳಿದರು, ಅದಕ್ಕೆ ನಾನು ಋಣಿ. ಆದರೆ ಆ ಕೋಣೆಗೆ ಅವರು ಇನ್ನೂ ಕಾಲಿಟ್ಟಿಲ್ಲ. ಮೊದಲ ಪ್ರಶ್ನೆಗೆ ಮುಂಚೆ ಒಮ್ಮೆ ಹೋಗಿ ನೋಡಿದ್ದರೆ ಒಂಬತ್ತು ತಿಂಗಳು ಉಳಿಯುತ್ತಿತ್ತು.

ಫಲ ಏನು ಬಂತು ಅಂತ ಕೇಳುತ್ತೀರಿ. ಎರಡನೇ ಉತ್ತರ ಸದನಕ್ಕೆ ಬಂದ ಐದು ವಾರಕ್ಕೆ ಇನ್ನೊಬ್ಬ ತಂತ್ರಜ್ಞೆ ಬಂದರು. ಹಳೆಯ ಆರ್‌ಒ ಘಟಕ ರಿಪೇರಿಯಾಗಿ 3 ಮತ್ತು 4ನೇ ಯಂತ್ರದ ಹೊದಿಕೆ ಬಿಚ್ಚಿದರು. ನಾನು ಆವತ್ತು ಹೋಗಿದ್ದೆ. ಅಂಟಿನ ಪಟ್ಟಿ ಒಣಗಿಹೋಗಿತ್ತು, ಎಳೆದರೆ ಪುಡಿಪುಡಿಯಾಗಿ ಬರುತ್ತಿತ್ತು. ಒಳಗೆ ಯಂತ್ರ ಹೊಳೆಯುತ್ತಿತ್ತು. ಈಗ ನಮ್ಮವರಿಗೆ ಮಂಗಳವಾರದ ಸರದಿ ಇಲ್ಲೇ ಸಿಕ್ಕಿದೆ, 3ನೇ ಯಂತ್ರ. ಮುಗಿದ ಮೇಲೆ ಆಟೋದಲ್ಲಿ ಹತ್ತು ನಿಮಿಷಕ್ಕೆ ಮನೆ. ಶುಕ್ರವಾರ ಇನ್ನೂ ಎರಡು ಬಸ್ಸು.

5 ಮತ್ತು 6 ಹಾಗೇ ಇವೆ. ಹೊಸ ನೀರಿನ ಘಟಕದ ಬಗ್ಗೆ ಉತ್ತರದಲ್ಲಿ "ಪರಿಶೀಲನೆಯಲ್ಲಿರುತ್ತದೆ" ಅಂತ ಬರೆದಿದ್ದಾರೆ. ಈ ಪದ ಕಂಡರೆ ಸುಮ್ಮನಾಗಬಾರದು ಅಂತಲೂ ಈಗ ಗೊತ್ತಾಗಿದೆ. ಸದನದಲ್ಲಿ ಸರ್ಕಾರ ಹೀಗೆ ಹೇಳಿದರೆ ಅದನ್ನು ಭರವಸೆ ಅಂತ ಲೆಕ್ಕಕ್ಕೆ ಹಿಡಿಯಬಹುದು. ಅದಕ್ಕೆಂದೇ ಭರವಸೆಗಳ ಸಮಿತಿ ಇರುತ್ತದೆ. ಲೋಕಸಭೆಯಲ್ಲಿ ಅದು 1953ರಿಂದ ಇದೆ, ಅಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಪೂರೈಸಬೇಕು. ನಮ್ಮ ಸಮಿತಿಗೂ ಬರೆಯಿರಿ ಅಂತ ಶಾಸಕರಿಗೆ ಹೇಳಿದ್ದೇನೆ.

ಮುಂದಿನ ಅಧಿವೇಶನಕ್ಕೆ ಮೂರನೇ ಪ್ರಶ್ನೆಯೂ ಸಿದ್ಧವಾಗಿದೆ. ಈ ಸಲ ಚುಕ್ಕೆ ಗುರುತಿನದು. ಚೀಟಿಯಲ್ಲಿ ಬಂದರೆ ಉಪಪ್ರಶ್ನೆ ಕೇಳಬಹುದು. "5 ಮತ್ತು 6ನೇ ಯಂತ್ರಗಳಿಗೆ ಬೇಕಾದ ಆರ್‌ಒ ಘಟಕದ ಅಂದಾಜು ಪಟ್ಟಿಗೆ ಮಂಜೂರಾತಿ ಕೊಟ್ಟ ದಿನಾಂಕ, ಟೆಂಡರ್ ಕರೆದ ದಿನಾಂಕ, ಇದುವರೆಗೆ ಖರ್ಚಾದ ಮೊತ್ತ ಎಷ್ಟು? ಸದರಿ ಯಂತ್ರಗಳಲ್ಲಿ ಮೊದಲ ಡಯಾಲಿಸಿಸ್ ಆರಂಭಿಸಲಾಗುವುದೇ?" ಅಂತ ಬರೆದಿದ್ದೆ. ಮಂಗಳವಾರ ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದ ನಮ್ಮವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಕೊನೆಯಲ್ಲಿ 'ಆರಂಭಿಸಲಾಗುವುದೇ' ಬೇಡ, ಹೌದು ಅಂದುಬಿಡುತ್ತಾರೆ. 'ಯಾವ ದಿನಾಂಕದೊಳಗೆ' ಅಂತ ಹಾಕು" ಅಂದರು. ಅಲ್ಲೇ ಪೆನ್ನು ತೆಗೆದು ತಿದ್ದಿದೆ.